ಬತ್ತಿಯಾಗಬಾರದಿದ್ದ ಹತ್ತಿ

ಆ ವಾರ ನಾನು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ಅದನ್ನು ಮುಚ್ಚಿಟ್ಟು ಕೊನೆಗೆ ಹೇಳಿದರೆ ಓದುವವರು ನನ್ನನ್ನು ಬಹಳ ದೊಡ್ಡ ಮನುಷ್ಯಳು ಅಂದುಕೊಂಡುಬಿಡಬಹುದು, ಹಾಗಾಗಿ ಮೊದಲೇ ಹೇಳುತ್ತೇನೆ. ಹಿರೇಕೆರೂರಿನಿಂದ ಹಂಸಭಾವಿ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಹತ್ತಿಕಾಳಿನ ಮಿಲ್ಲಿನಲ್ಲಿ ನಾನು ಕೆಮಿಸ್ಟ್. ಸೋಮವಾರ ಮಧ್ಯಾಹ್ನ ಒಂದು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಸಹಿಯ ಮೇಲೆ ಒಂದು ಸಾಲು ಅಚ್ಚಾಗಿತ್ತು: ‘ಮಾದರಿಯನ್ನು ನನ್ನ ಸಮಕ್ಷಮದಲ್ಲಿ ತೆಗೆಯಲಾಗಿದೆ.’ ತೆಗೆದಿರಲಿಲ್ಲ. ಮಾದರಿ, ಮಿಲ್ಲಿನ ಮಾಲು ಮಾರಿಸುವ ಏಜೆಂಟರ ಕಾರಿನಿಂದ ಇಳಿದಿತ್ತು.

ಮಿಲ್ಲಿನ ಕೆಲಸ ಹೇಳದೆ ಮುಂದಿನದು ತಿಳಿಯುವುದಿಲ್ಲ. ಜಿನ್ನಿಂಗ್ ಆಗಿ ಹತ್ತಿ ಬೇರೆ, ಕಾಳು ಬೇರೆ ಆದ ಮೇಲೂ ಕಾಳಿನ ಮೈಗೆ ಒಂದಿಷ್ಟು ನವಿರು ಹತ್ತಿ ಅಂಟಿಕೊಂಡೇ ಇರುತ್ತದೆ. ನಮ್ಮ ಯಂತ್ರ ಅದನ್ನು ಎರಡು ಸಲ ಹೆರೆಯುತ್ತದೆ. ಮೊದಲ ಸಲದ್ದು ಸ್ವಲ್ಪ ಉದ್ದನೆಯ ಎಳೆ, ಗಾದಿ ಮಾಡುವವರಿಗೆ ಹೋಗುತ್ತದೆ. ಎರಡನೇ ಸಲದ್ದು ತೀರಾ ಗಿಡ್ಡ, ಕೈಯಲ್ಲಿ ಹಿಡಿದರೆ ಪುಡಿಯಂತೆ ಉದುರುತ್ತದೆ. ಅದಕ್ಕೆ ನಾವು ಲಿಂಟರ್ ಅನ್ನುತ್ತೇವೆ. ಬೋಳಾದ ಕಾಳು ಎಣ್ಣೆ ಮತ್ತು ಹಿಂಡಿಯಾಗುತ್ತದೆ. ಲಿಂಟರನ್ನು ಮಾತ್ರ ಹೊರರಾಜ್ಯದ ಒಂದು ಕಾರ್ಖಾನೆ ಕೊಳ್ಳುತ್ತಿತ್ತು. ಅಲ್ಲಿ ಅದನ್ನು ಸುಣ್ಣದಷ್ಟು ಬೆಳ್ಳಗೆ ಮಾಡಿ, ಆಸಿಡ್‌ನಲ್ಲಿ ಅದ್ದಿ, ತೋಪಿನ ಗುಂಡನ್ನು ಹಾರಿಸುವ ಮದ್ದು ಮಾಡುತ್ತಾರೆ. ಆ ಮದ್ದು ತುಂಬಿದ ಗುಂಡುಗಳು ಹಡಗು ಹತ್ತಿ ಯಾವ ಯಾವುದೋ ದೇಶಕ್ಕೆ ಹೋಗುತ್ತವೆ.

ಲಿಂಟರಿನಲ್ಲಿ ಉಳಿದ ಕಾಳಿನ ಸಿಪ್ಪೆ, ಕಸ ಆಯುವ ಹೆಂಗಸರಿಗೆ ಮಾಲಕರು ಹೇಳಿದ್ದು ಬೇರೆ. ಈ ಹತ್ತಿಯಿಂದ ನೋಟು ಅಚ್ಚು ಹಾಕುವ ಕಾಗದ ಆಗುತ್ತದೆ, ಅದಕ್ಕೇ ಒಂದು ಸಿಪ್ಪೆಯೂ ಇರಬಾರದು ಅಂತ. ಹೆಂಗಸರಿಗೆ ಅದು ಹಿಡಿಸಿತ್ತು. ‘ನಮ್ಮ ಕೈಯಾಗ ಹಾದ ಹತ್ತಿ ಸಾಹುಕಾರ್ರ ಕಿಸೆದಾಗ ಹೋಗಿ ಕುಂದರ್ತೈತಿ, ನಮ್ಮ ಉಡ್ಯಾಗ ಮಾತ್ರ ಬರವಲ್ದು’ ಎಂದು ನಗುತ್ತಿದ್ದರು. ನನಗೆ ನಿಜ ಗೊತ್ತಿತ್ತು, ತಿದ್ದಲಿಲ್ಲ. ನನ್ನ ಎರಡನೇ ತಪ್ಪು ಅಂತ ಅದನ್ನೂ ಬರೆದುಕೊಳ್ಳಿ.

ಆಯುವವರ ಮುಂದಾಳು ಹಾನಗಲ್ಲ ತಾಲೂಕಿನ ತಿಳವಳ್ಳಿಯಾಕೆ. ವಯಸ್ಸು ಅರವತ್ತು ದಾಟಿದೆ. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಮಿಲ್ಲಿನವರೆಲ್ಲ ಅವಳನ್ನು ಯವ್ವ ಅಂತಲೇ ಕರೆಯುವುದು. ಶೆಡ್ಡಿನ ಗೋಡೆಗೆ ಒಂದು ಸಣ್ಣ ಬುದ್ಧನ ಫೋಟೋ ಹಚ್ಚಿದ್ದಳು. ಕೆಲಸಕ್ಕೆ ಮುಂಚೆ ಅದರ ಮುಂದೆ ದೀಪ ಹಚ್ಚಿ, ಧೂಳಿಗೆ ಸೆರಗು ಮೂಗಿಗೆ ಕಟ್ಟಿ ಕೂರುವಳು. ಮನೆಯಲ್ಲಿ ಬತ್ತಿ ಹೊಸೆದು ಹಿರೇಕೆರೂರು ಸಂತೆಯಲ್ಲಿ ಮಾರುತ್ತಿದ್ದಳು. ಒಮ್ಮೆ ಮಾಲಕರ ಮನೆಯವರು ದೀಪಾವಳಿಗೆ ಬತ್ತಿ ಬೇಕೆಂದಾಗ ನಾನೇ ಅವಳ ಬತ್ತಿಯ ಕಟ್ಟು ಕೊಟ್ಟಿದ್ದೆ. ಹೊಸೆದವರು ಯಾರು, ಯಾವ ಕೇರಿಯವರು ಎಂದು ಗೊತ್ತಾದ ಮೇಲೆ ‘ಈ ಸಲ ಮನೆಯಲ್ಲೇ ಮಾಡಿಕೊಂಡಿದ್ದೇವೆ’ ಎಂದು ಕಟ್ಟು ವಾಪಸ್ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ನಕ್ಕಳು.

“ಸಂತ್ಯಾಗ ಯಾರೂ ಕೇಳೂದಿಲ್ರಿ ಅಕ್ಕಾರ. ಉರದ್ರ ಸಾಕು ಅವರಿಗೆ.”

ಆ ವರ್ಷ ಲಿಂಟರಿಗೆ ಎಲ್ಲಿಲ್ಲದ ಬೇಡಿಕೆ. ಏಜೆಂಟರು ಬಂದಾಗಲೆಲ್ಲ ಸವಣೂರಿನ ಹೆಸರಾಂತ ಕುರುಕಲು ತಿಂಡಿ ಖಾರದ ಪೊಟ್ಟಣ ತರುವರು, ಎಲ್ಲರಿಗೂ ಹಂಚುವರು, ಹಂಚುತ್ತಾ ದೇಶದ ಏಳಿಗೆಯ ಭಾಷಣ ಮಾಡುವರು. “ಮದ್ಲ ನಾವು ಹೊರಗಿಂದ ಆಯುಧ ಕೊಳ್ಳೂ ಮಂದಿ ಇದ್ವಿ. ಈಗ ಮಾರೂ ಮಂದಿ ಆಗೇವಿ. ಎಷ್ಟ್ ಕೊಟ್ರೂ ತಗೋತಾರ್ರಿ!” ಆ ವರ್ಷ ಅವರ ಕಾರು ಬದಲಾಯಿತು. ಮಾಲಕರ ಮನೆಗೆ ಮತ್ತೊಂದು ಅಂತಸ್ತು ಎದ್ದಿತು. ಆಯುವವರ ಕೂಲಿ ಇದ್ದಲ್ಲೇ ಇತ್ತು. ಧೂಳಿಗೆ ಮಾಸ್ಕ್ ಕೊಡಿಸಿ ಎಂದು ನಾನು ಬರೆದ ಚೀಟಿ ಆಫೀಸಿನಲ್ಲಿ ಯಾವುದೋ ಫೈಲಿನ ಕೆಳಗೆ ಮಲಗಿತ್ತು.

ಕೇಳಿದಷ್ಟು ಮಾಲು ನಮ್ಮಲ್ಲಿ ಹುಟ್ಟುವುದಿಲ್ಲ. ಆದರೂ ಏಜೆಂಟರು ಒಪ್ಪಿಕೊಂಡರು. ಶಿಗ್ಗಾವಿ ರಸ್ತೆಯ ಒಂದು ಗೋದಾಮಿನಲ್ಲಿದ್ದ ಹಳೇ ಬೇಲುಗಳು ಲಾರಿಯಲ್ಲಿ ಬಂದು ನಮ್ಮ ಮಾಲಿನ ಜೊತೆ ನಿಂತವು. ಬೇಲು ಅಂದರೆ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದ ಹತ್ತಿಯ ಮೂಟೆ. ಆ ಲಾಟಿನ ತಪಾಸಣೆಗೆ ಕಾರ್ಖಾನೆಯ ಪರವಾಗಿ ಒಬ್ಬ ಇನ್ಸ್‌ಪೆಕ್ಟರ್ ಬಂದರು. ಹತ್ತು ಬೇಲಿಗೆ ಒಂದರಂತೆ ಬಿಚ್ಚಿಸಿ ಅವರು ಕೈಯಾರೆ ಮಾದರಿ ತೆಗೆಯಬೇಕು, ನಾನು ಪಕ್ಕದಲ್ಲಿ ನಿಂತಿರಬೇಕು. ಅವರು ಏಜೆಂಟರ ಕಾರಿನಲ್ಲೇ ಬಂದರು, ಮಾಲಕರ ಮನೆಯಲ್ಲಿ ಉಂಡರು, ಗೋದಾಮಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಸಂಜೆ ಒಂದು ಸೀಲಾದ ಚೀಲ ನನ್ನ ಮೇಜಿಗೆ ಬಂತು.

ನಾನು ಚೀಲ ಒಡೆದು ಟೆಸ್ಟ್ ಮಾಡಿದೆ. ಹತ್ತಿಯನ್ನು ತೂಗಿ ಗಂಧಕಾಮ್ಲದಲ್ಲಿ ಹಾಕಿದರೆ ಹತ್ತಿಯೆಲ್ಲ ಕರಗುತ್ತದೆ. ಸಿಪ್ಪೆ, ಮಣ್ಣು, ಮತ್ತೇನಾದರೂ ಇದ್ದರೆ ಉಳಿಯುತ್ತದೆ. ಉಳಿದದ್ದನ್ನು ಸೋಸಿ, ಒಣಗಿಸಿ, ತೂಗಿದರೆ ಮಾಲಿನ ಹಣೆಬರಹ ಗೊತ್ತಾಗುತ್ತದೆ. ಆ ದಿನ ಸೋಸುವ ಮೂಸೆಯ ತಳದಲ್ಲಿ ಏನೂ ಇರಲಿಲ್ಲ ಅಂದರೂ ನಡೆದೀತು. ಇಷ್ಟು ಚೆಂದದ ಅಂಕಿ ನನ್ನ ರಿಜಿಸ್ಟರಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಅಷ್ಟಾದರೂ ನನಗೆ ಅನುಮಾನ ಬರಲಿಲ್ಲ. ನಾನು ನೋಡಿದ್ದು ಅಂಕಿಯನ್ನು, ಹತ್ತಿಯನ್ನಲ್ಲ. ಸೋಮವಾರ ಸಹಿ ಹಾಕಿ ಕೊಟ್ಟೆ. ಮುಂದಿನ ಸೋಮವಾರ ಲಾರಿಗಳು ಹೊರಡುವುದೆಂದು ಗೊತ್ತಾಯಿತು.

ಮಿಕ್ಕ ಮಾದರಿಯನ್ನು ಗಾಜಿನ ಭರಣಿಯಲ್ಲಿ ಹಾಕಿಡುವುದು ಪದ್ಧತಿ. ಮಂಗಳವಾರ ಮಧ್ಯಾಹ್ನ ಭರಣಿ ಇನ್ನೂ ತೆರೆದೇ ಇತ್ತು. ಆಯುವ ಶೆಡ್ಡಿನಲ್ಲಿ ಸಾಬೂನಿಲ್ಲದ ಕಾರಣ ಯವ್ವ ಊಟಕ್ಕೆ ಮುಂಚೆ ಕೈ ತೊಳೆಯಲು ನನ್ನ ಲ್ಯಾಬಿಗೇ ಬರುವಳು. ಕೈ ಒರೆಸಿಕೊಳ್ಳುತ್ತಾ ಭರಣಿಗೆ ಕಣ್ಣು ಹಾಕಿದಳು.

“ಗಾದಿ ಹತ್ತಿ ಯಾಕ ಇಟ್ಟೀರಿ ಅಕ್ಕಾರ ಇಲ್ಲೆ?”

“ಗಾದಿದಲ್ಲ ಯವ್ವಾ. ಈ ಸಲದ ಮಾಲಿನ ಮಾದರಿ ಅದು.”

ಅವಳು ಒಂದು ಚಿಟಿಕೆ ತೆಗೆದು, ಎಡ ಅಂಗೈ ಮೇಲಿಟ್ಟು, ಬಲಗೈಯಿಂದ ಎರಡು ಸಲ ಹೊಸೆದಳು. ಬತ್ತಿ ಆಯಿತು. ಸ್ವಲ್ಪ ಮೊಂಡು, ಆದರೂ ಬತ್ತಿಯೇ.

“ಇದು ನಮ್ಮ ಮಾಲಲ್ಲ ಬಿಡ್ರಿ” ಎಂದಳು. “ನಮ್ಮ ಎರಡನೇ ಹತ್ತಿ ಎಂದಾದ್ರೂ ಬತ್ತಿ ಆಗೇತೇನ್ರಿ? ಹೊಸದಾಗಿ ಕೆಲಸಕ್ಕ ಬಂದಾಗ ಆಸೆಪಟ್ಟು ಉಡ್ಯಾಗ ಒಂದ್ ಹಿಡಿ ಒಯ್ದಿದ್ದೆ. ಸುಳ್ಳು ಯಾಕ ಹೇಳ್ಲಿ. ಹೊಸೆದು ಹೊಸೆದು ಕೈ ಕೆಂಪಾತು, ಒಂದೂ ಆಗ್ಲಿಲ್ಲ. ಹಿಟ್ಟು ಹೊಸೆದಂಗ ಆತು.”

ಐದು ವರ್ಷ ಕೆಮಿಸ್ಟ್ರಿ ಓದಿದವಳು ನಾನು. ಮೊದಲ ಹೆರೆತದ ಎಳೆ ಯಾವುದು, ಎರಡನೆಯದು ಯಾವುದು ಎಂದು ಬರಿಗಣ್ಣಿಗೆ ಕಾಣುವಂಥದ್ದು. ಕಸವಿಲ್ಲದ ಗಾದಿ ಹತ್ತಿಯನ್ನು ಮಾದರಿಯೆಂದು ನನ್ನ ಮೂಗಿನ ಕೆಳಗೇ ಇಟ್ಟು ನನ್ನ ಕಣ್ಣಿಗೆ ಮಣ್ಣೆರಚಿದ್ದರು. ಮಣ್ಣೆರಚಿದ್ದರು ಅನ್ನುವುದೂ ಪೂರ್ತಿ ಸರಿಯಲ್ಲ, ನಾನೇ ಕಣ್ಣು ಮುಚ್ಚಿ ಕೂತಿದ್ದೆ.

ಅಂದೇ ಮಧ್ಯಾಹ್ನ ಕೊಕ್ಕೆ ಸಲಾಕೆ ಹಿಡಿದು ಗೋದಾಮಿಗೆ ನಡೆದೆ. ಹಮಾಲರಿಗೆ ಹತ್ತು ಬೇಲಿನ ಪಟ್ಟಿ ಬಿಚ್ಚಲು ಹೇಳಿದೆ. ‘ಸಾಹುಕಾರ್ರು ಹೇಳ್ಯಾರೇನ್ರಿ?’ ಎಂದರು. ‘ನಾನು ಹೇಳೇನಿ’ ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಅವರಿಗೂ ಗೊತ್ತು, ಬಿಚ್ಚಿದರು. ಮೇಲ್ಪದರ ಬಿಟ್ಟು, ಮೊಣಕೈವರೆಗೆ ಕೈ ಹಾಕಿ ಹೊಟ್ಟೆಯೊಳಗಿನ ಹತ್ತಿ ತೆಗೆದೆ. ಕೆಲವು ಬೇಲುಗಳೊಳಗೆ ಮುಗ್ಗಲು ನಾತ. ಕೆಲವು ತಟ್ಟಿದರೆ ಮಣ್ಣು. ಒಂದರಲ್ಲಿ ಗೊಬ್ಬರ ಚೀಲದ ಪ್ಲಾಸ್ಟಿಕ್ ನೂಲು ಜಡೆಯಷ್ಟು ಬಂತು. ಹತ್ತು ಚೀಲ ಕಟ್ಟಿ, ಒಂದೊಂದರ ಮೇಲೂ ಬೇಲಿನ ನಂಬರು ಬರೆದೆ.

ಟೆಸ್ಟ್ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಹತ್ತು ಮಾದರಿ, ಒಂದೊಂದನ್ನೂ ಎರಡು ಸಲ ಮಾಡಬೇಕು, ಇಲ್ಲದಿದ್ದರೆ ನಾಳೆ ಯಾರೂ ನಂಬುವುದಿಲ್ಲ. ಬುಧವಾರ ಆಸಿಡ್‌ನಲ್ಲಿ ಕರಗಿಸಿ, ನೀರು ಬೆರೆಸಿ, ಕುದಿಸಿ, ಸೋಸಿದೆ. ಪ್ಲಾಸ್ಟಿಕ್ ನೂಲು ಆಸಿಡ್‌ಗೂ ಜಗ್ಗದೆ ಮೇಲೆ ತೇಲುತ್ತಿತ್ತು. ಉಳಿದ ಕಸವನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಒಣಗಲು ಇಟ್ಟೆ. ಅರ್ಧ ಒಣಗುವಷ್ಟರಲ್ಲಿ ಕರೆಂಟು ಹೋಯಿತು. ಅರೆಹಸಿ ಕಸ ಗಾಳಿಯ ತೇವ ಹೀರಿಕೊಂಡಿತು. ತೂಗಿದಾಗೊಂದು, ಮತ್ತೆ ತೂಗಿದಾಗೊಂದು ಅಂಕಿ ಬಂತು. ಅಷ್ಟನ್ನೂ ಚೆಲ್ಲಿ ಮೊದಲಿನಿಂದ ಶುರು ಮಾಡಿದೆ.

ಗುರುವಾರ ಕಸವನ್ನು ಸುಟ್ಟು, ಅದರಲ್ಲಿ ಮಣ್ಣೆಷ್ಟು ಸಿಪ್ಪೆಯೆಷ್ಟು ಎಂದು ಬೇರೆ ಮಾಡಬೇಕಿತ್ತು. ನಮ್ಮ ಕರೆಂಟಿನ ಕುಲುಮೆಯ ಕಾಯಿಲು ಸುಟ್ಟುಹೋಯಿತು. ರಿಪೇರಿಗೆ ಮಾಲಕರ ಸಹಿ ಬೇಕು, ಕೇಳುವಂತಿಲ್ಲ. ನಾನು ಓದಿದ ಹಾವೇರಿಯ ಕಾಲೇಜಿನಲ್ಲಿ ಒಂದು ಕುಲುಮೆ ಇದೆ. ಮೂಸೆಗಳನ್ನು ತೇವ ತಾಗದ ಗಾಜಿನ ಡಬ್ಬಿಯಲ್ಲಿಟ್ಟು, ಮೇಲೆ ಟವೆಲ್ ಸುತ್ತಿ, ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಜೀವ ಹೋಗಿ ಬರುತ್ತಿತ್ತು.

“ಏನೈತ್ರಿ ಅಕ್ಕಾರ ಡಬ್ಬ್ಯಾಗ? ಗಾಜಿನ ದೇವ್ರ ಏನು?” ಎಂದ ಕಂಡಕ್ಟರ್.

“ಕಸ ಐತಪಾ” ಎಂದೆ.

“ಕಸಾನ ತೊಡಿಮ್ಯಾಲ ಕುಂದರ್ಸ್ಕೊಂಡು ಹೊಂಟೀರಲ್ರಿ!” ಎಂದು ಬಸ್ಸಿಗೆಲ್ಲ ಕೇಳುವಂತೆ ನಕ್ಕ. ನಾನೂ ನಕ್ಕೆ, ಆ ವಾರ ನಕ್ಕಿದ್ದು ಅದೊಂದೇ ಸಲ.

ಕಾಲೇಜಿನ ಮೇಷ್ಟರು ಏನೂ ಕೇಳದೆ ಕುಲುಮೆ ಬಿಟ್ಟುಕೊಟ್ಟರು. ಸುಟ್ಟು, ಆರಿಸಿ, ತೂಗಿ, ಮತ್ತೆ ಸುಟ್ಟು, ಎರಡು ಸಲವೂ ಒಂದೇ ತೂಕ ಬರುವವರೆಗೆ ಬಿಡಲಿಲ್ಲ. ಹತ್ತರಲ್ಲಿ ಮೂರು ಬೇಲು ನಮ್ಮವು, ಸರಿಯಾಗಿದ್ದವು. ಉಳಿದ ಏಳು ಗಾದಿಗೂ ಲಾಯಕ್ಕಿರಲಿಲ್ಲ. ಅಂಥ ಹತ್ತಿಯ ಮದ್ದು ಒಂದೇ ಸಮ ಉರಿಯುವುದಿಲ್ಲ. ಗುಂಡು ಬೀಳಬೇಕಾದಲ್ಲಿ ಬೀಳದೆ ಹತ್ತಿರ ಬೀಳಬಹುದು, ತೋಪಿನ ಬಾಯಲ್ಲೇ ಸಿಡಿಯಲೂಬಹುದು.

ಶುಕ್ರವಾರ ಕಾಗದ ಹಿಡಿದು ಮಾಲಕರ ಕೋಣೆಗೆ ಹೋದೆ. ಏಜೆಂಟರೂ ಅಲ್ಲೇ ಇದ್ದರು. ಮಾಲಕರು ಒರಟು ಮನುಷ್ಯರಲ್ಲ, ಕೂರಿಸಿ ಚಹಾ ತರಿಸಿದರು. ಕಾಗದದ ಮೇಲೆ ಕಣ್ಣಾಡಿಸಿ ಬದಿಗಿಟ್ಟರು.

“ಸಹಿ ನಿಮ್ಮದ ಐತಲ್ರಿ. ಈಗ ಇದೇನು ಹೊಸಾ ರಾಗ?”

“ಸಹಿ ತಪ್ಪಾಗೇತ್ರಿ. ವಾಪಸ್ ತಗೋಬೇಕು.”

ಏಜೆಂಟರು ಖಾರದ ಪೊಟ್ಟಣ ನನ್ನ ಕಡೆ ಸರಿಸಿದರು. “ಮೇಡಮ್ಮಾರ, ಒಂದ್ ಮಾತ್ ಕೇಳ್ತೇನಿ. ಆ ಗುಂಡು ದೂರ ಬಿದ್ರೂ ಯಾರರ ಸಾಯ್ತಾರ, ಹತ್ರ ಬಿದ್ರೂ ಯಾರರ ಸಾಯ್ತಾರ. ಅವರೂ ನಮ್ಮೋರಲ್ಲ, ಇವರೂ ನಮ್ಮೋರಲ್ಲ. ನಿಮಗ್ಯಾಕ್ರಿ ಈ ಉಸಾಬರಿ?”

ಒಳ್ಳೆಯ ಲಿಂಟರ್ ಕೊಟ್ಟ ದಿನಗಳಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆನಲ್ಲ, ಆ ನೆಮ್ಮದಿ ಎಂಥದ್ದು ಎಂದು ಆಗ ಮೊದಲ ಸಲ ನಾಚಿಕೆಯಾಯಿತು. “ಸುಳ್ಳಿನ ಮ್ಯಾಲ ನನ್ನ ಹೆಸರು ಐತ್ರಿ, ಅದು ಸಾಕು ನನಗ” ಎಂದೆ. ಅಷ್ಟೇ ಹೊಳೆದದ್ದು.

ಮಾಲಕರು ಮೆತ್ತಗೆ ಹೇಳಿದರು: “ನಿಮ್ಮ ತಪ್ಪು ಅಲ್ರಿ. ಆಯೂ ಹೆಂಗಸ್ರು ಉಡುಗಿದ ಕಸ ಬೇಲಿನ್ಯಾಗ ತುಂಬ್ಯಾರ. ಆ ಮುದುಕೀದ ಕೆಲಸ. ನಾ ನೋಡ್ಕೋತೇನಿ. ನೀವು ಹೊರಡ್ರಿ.”

ಶನಿವಾರ ಗೇಟಿನಲ್ಲಿ ಯವ್ವನ ಪಾಸು ಕಿತ್ತುಕೊಂಡರು. ಮಾಲು ಕೆಡಿಸಿದ್ದಾಳೆ, ಕದ್ದೂ ಒಯ್ಯುತ್ತಿದ್ದಳು ಎಂದು ವಾಚ್‌ಮನ್ ಎಲ್ಲರೆದುರು ಓದಿ ಹೇಳಿದನಂತೆ. ಹನ್ನೊಂದು ವರ್ಷ ಆ ಶೆಡ್ಡಿನ ಧೂಳು ಕುಡಿದವಳು. ನಾನು ಓಡಿ ಹೋದಾಗ ರಸ್ತೆಯಾಚೆ ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಬುದ್ಧನ ಫೋಟೋ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಆ ಒಂದ್ ಹಿಡಿ ಹತ್ತಿ ಸುದ್ದಿ ನೀವು ಹೇಳಿದ್ರೇನ್ರಿ ಅಕ್ಕಾರ?” ಎಂದಳು.

ಆ ಮಾತು ನನ್ನನ್ನು ಕೊಂದಿತು. ಇಲ್ಲ ಯವ್ವಾ, ಇಲ್ಲ ಎಂದೆ. ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಚೀಲ ಎಲ್ಲಿಂದ ಬಂತು, ನಾನು ಹೇಗೆ ಸಹಿ ಹಾಕಿದೆ, ಅವಳ ಬತ್ತಿಯಿಂದ ಹೇಗೆ ಗೊತ್ತಾಯಿತು, ಈಗ ಅದೇ ತಪ್ಪನ್ನು ಅವಳ ತಲೆಗೆ ಹೇಗೆ ಕಟ್ಟಿದ್ದಾರೆ. ಕೊನೆಗೆ, ಹತ್ತಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಹೇಳಿದೆ.

ಅವಳು ತನ್ನ ಅಂಗೈ ನೋಡಿಕೊಂಡಳು.

“ನೋಟ್ ಆಗ್ತೈತಿ ಅಂದಿದ್ರಲ್ರಿ.”

“ಸುಳ್ಳು ಯವ್ವಾ. ನನಗ ಗೊತ್ತಿತ್ತು. ಹೇಳ್ಲಿಲ್ಲ.”

“ಹನ್ನೊಂದ್ ವರ್ಷ ಅವನ ಮುಂದ ದೀಪ ಹಚ್ಚಿ ಈ ಕೆಲಸ ಮಾಡ್ದೆ ನಾನು” ಎಂದು ಮಡಿಲಿನ ಫೋಟೋ ಮುಟ್ಟಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಕೇಳಿದಳು, “ಈಗ ಏನ್ ಮಾಡ್ತೀರಿ?”

“ಕಾರ್ಖಾನಿಗೆ ಕಾಗದ ಬರೀತೇನಿ.”

“ಬರೀರಿ. ಅದ್ರಾಗ ನನ್ನ ಹೆಸರು ಹಾಕ್ರಿ. ಕಳ್ಳಿ ಅಂತ ಗೇಟಿನ್ಯಾಗ ಓದ್ಯಾರ. ಗುರ್ತ ಹಿಡದಾಕಿ ಅಂತ ಎಲ್ಲ್ಯಾರ ಒಂದ್ ಕಡೆ ಬರೆದಿರ್ಲಿ.”

ಅಲ್ಲಿಯವರೆಗೆ ನನ್ನ ಮನಸ್ಸು ಎರಡಾಗಿತ್ತು. ನಿಜ ಹೇಳಬೇಕೆಂದರೆ, ಸೋಮವಾರದವರೆಗೆ ಸುಮ್ಮನಿದ್ದು ರಾಜೀನಾಮೆ ಕೊಟ್ಟು ಕೈ ತೊಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಈ ಸುತ್ತಮುತ್ತ ಕೆಮಿಸ್ಟರಿಗೆ ಬೇರೆ ಕೆಲಸವಿಲ್ಲ ಅನ್ನುವ ಹೆದರಿಕೆಯೂ ಇತ್ತು. ಬಸ್ಸು ಬಂದು ಅವಳು ಹತ್ತಿ ಹೋದ ಮೇಲೆ ಆ ಎರಡೂ ಉಳಿಯಲಿಲ್ಲ.

ಕಾಗದದ ಮೊದಲ ಸಾಲಿನಲ್ಲಿ ನನ್ನ ತಪ್ಪು ಬರೆದೆ: ಮಾದರಿ ನನ್ನ ಸಮಕ್ಷಮ ತೆಗೆದದ್ದಲ್ಲ, ಆದರೂ ಸಹಿ ಹಾಕಿದ್ದೇನೆ, ಸರ್ಟಿಫಿಕೇಟನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಎರಡನೆಯದರಲ್ಲಿ ಹತ್ತು ಬೇಲಿನ ನಂಬರು ಮತ್ತು ಫಲಿತಾಂಶ. ಮೂರನೆಯದರಲ್ಲಿ ತಿಳವಳ್ಳಿಯ ಆಕೆಯ ಹೆಸರು, ಅಪ್ಪನ ಹೆಸರು ಸಮೇತ, ಅವಳು ಹೇಗೆ ಗುರುತು ಹಿಡಿದಳು ಎಂಬ ವಿವರ. ಅವಳು ಹೊಸೆದ ಬತ್ತಿಯನ್ನು ಒಂದು ಸಣ್ಣ ಚೀಲದಲ್ಲಿ, ಬೇಲಿನ ಹತ್ತಿಯನ್ನು ಇನ್ನೊಂದರಲ್ಲಿ ಹಾಕಿ ಪಿನ್ ಚುಚ್ಚಿದೆ. ಕಾಗದದ ಫೋಟೋ ತೆಗೆದು ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೇ ಮೇಲ್ ಮಾಡಿದೆ, ಇನ್ಸ್‌ಪೆಕ್ಟರ್ ಕೈಗೆ ಸಿಗುವ ವಿಳಾಸಕ್ಕಲ್ಲ. ಮೂಲ ಕಾಗದವನ್ನು ಅಂದೇ ಹಿರೇಕೆರೂರಿನ ಅಂಚೆ ಕಚೇರಿಗೆ ಒಯ್ದು ರಿಜಿಸ್ಟರ್ ಮಾಡಿಸಿದೆ. ರಸೀದಿಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ ಲಾರಿಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಆಫೀಸಿಗೆ ಕಾರ್ಖಾನೆಯಿಂದ ಫೋನು ಬಂತು. ಮಾಲು ಅಲ್ಲಿಯೇ ನಿಲ್ಲಲಿ, ನಾವು ಬರುತ್ತೇವೆ ಎಂದರು. ಮಾಲಕರು ನನ್ನ ಕಡೆ ನೋಡಲಿಲ್ಲ. ಅದಾದ ಮೇಲೆ ಮೂರು ದಿನ ಮಿಲ್ಲಿನಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಲ್ಯಾಬಿನ ಗ್ಯಾಸು ತೀರಿತು, ತುಂಬಿಸಲಿಲ್ಲ.

ಗುರುವಾರ ಕಾರ್ಖಾನೆಯಿಂದ ಇಬ್ಬರು ಬಂದರು. ಒಬ್ಬರು ನಡುವಯಸ್ಸಿನ ಹೆಂಗಸು, ನನ್ನ ಕಾಗದ ಅವರ ಕೈಯಲ್ಲಿತ್ತು. ಅವರು ಮೊದಲು ಕೇಳಿದ್ದು ಫಲಿತಾಂಶವನ್ನಲ್ಲ, ‘ಬತ್ತಿ ಹೊಸೆದವರೆಲ್ಲಿ’ ಎಂದು. ಮಾಲಕರೇ ಜೀಪು ಕಳಿಸಬೇಕಾಯಿತು. ಯವ್ವ ಬಂದು, ಗೋದಾಮಿನಲ್ಲಿ ಒಂದು ಬೇಲಿನ ಮೇಲೆ ಕೂತಳು. ಬಂದವರು ತಾವೇ ಹತ್ತು ಬೇಲು ಆರಿಸಿ ಬಿಚ್ಚಿಸಿದರು. ಅವಳು ಒಂದೊಂದರಿಂದಲೂ ಚಿಟಿಕೆ ತೆಗೆದು ಹೊಸೆದಳು, ಬೆರಳಿನಿಂದ ತಿಕ್ಕಿದಳು, ಮೂಸಿದಳು.

“ಇದು ನಮ್ಮದು. ಇದು ಅಲ್ಲ. ಇದ್ರಾಗ ಮಣ್ಣು. ಇದು ನನಗ ತಿಳಿವಲ್ದ್ರಿ, ಸುಳ್ಳು ಹೇಳೂದಿಲ್ಲ.”

ಆ ಒಂದನ್ನು ಬಿಟ್ಟು ಉಳಿದ ಒಂಬತ್ತಕ್ಕೂ ಅವರ ಲ್ಯಾಬಿನ ವರದಿ ಅವಳು ಹೇಳಿದ್ದನ್ನೇ ಹೇಳಿತು. ಲಾಟು ತಿರಸ್ಕಾರವಾಯಿತು. ಇನ್ಸ್‌ಪೆಕ್ಟರಿಗೆ ಬೇರೆಲ್ಲಿಗೋ ವರ್ಗವಾಯಿತಂತೆ, ಅಷ್ಟೇ. ಏಜೆಂಟರು ಈಗ ಬೇರೆ ಜಿಲ್ಲೆಯ ಮಿಲ್ಲುಗಳಿಗೆ ಖಾರ ಹಂಚುತ್ತಿದ್ದಾರೆ. ಆ ಕೊಳಕು ಬೇಲುಗಳು ಮತ್ತೆ ಲಾರಿ ಹತ್ತಿ ಹೋದವು, ಯಾರ ಸಹಿಯ ಮೇಲೆ ಎಲ್ಲಿಗೆ ಹೋದವೋ ನನಗೆ ಗೊತ್ತಾಗಲಿಲ್ಲ. ನಮ್ಮ ಮಾಲು ಮಾತ್ರ ಕಾರ್ಖಾನೆಗೆ ಬೇಕಿತ್ತು. ಇನ್ನು ಮುಂದೆ ಮಾದರಿ ನಾನೇ ತೆಗೆಯಬೇಕು ಎಂದು ಅವರು ಬರೆದು ಕೊಟ್ಟ ಕಾರಣ ಮಾಲಕರು ನನ್ನನ್ನು ತೆಗೆಯುವಂತಿರಲಿಲ್ಲ. ಶೆಡ್ಡಿಗೆ ನಲ್ಲಿ, ಸಾಬೂನು, ಮಾಸ್ಕು ಬಂದವು.

ಯವ್ವನ ಪಾಸನ್ನು ಮಾಲಕರು ಎಲ್ಲರೆದುರು ವಾಪಸ್ ಕೊಟ್ಟರು. ಅವಳು ಅದನ್ನು ತಿರುವಿ ನೋಡಿ, ಅವರಿಗೇ ನೇರವಾಗಿ ಹೇಳಿದಳು:

“ಹತ್ತಿ ಕಡೆ ಬ್ಯಾಡ್ರಿ ಸಾಹುಕಾರ್ರ. ನನ್ನ ಹಿಂಡಿ ಕಡೆ ಹಾಕ್ರಿ. ಹಿಂಡಿ ತಿಂದ ಎಮ್ಮಿ ಹಾಲರ ಕೊಡ್ತೈತಿ.”

ಹಿಂಡಿಯ ಕೆಲಸ ಭಾರದ್ದು, ಚೀಲ ಎತ್ತಬೇಕು. ಆ ವಯಸ್ಸಿಗೆ ಬೇಡ ಎಂದು ನಾನು ಬಡಕೊಂಡೆ. ಕೇಳಲಿಲ್ಲ. ಹೋಗುವಾಗ ನನ್ನನ್ನು ಕೇಳಿದಳು, “ನೀವು ಇಲ್ಲೇ ಇರ್ತೀರೇನ್ರಿ?”

“ಇರ್ತೇನಿ ಯವ್ವಾ.”

“ಇರ್ರಿ” ಎಂದಳು. ಅದು ಒಪ್ಪಿಗೆಯೋ ಬೈಗುಳವೋ ಎಂದು ನಾನು ಕೇಳಲಿಲ್ಲ.

ಈಗ ಶೆಡ್ಡಿನಲ್ಲೇ ಸಾಬೂನಿದೆ. ಆದರೂ ಅವಳು ಮಧ್ಯಾಹ್ನ ಕೈ ತೊಳೆಯಲು ನನ್ನ ಲ್ಯಾಬಿಗೇ ಬರುತ್ತಾಳೆ. ಕೈಗೆ ಹಿಂಡಿಯ ಎಣ್ಣೆ ವಾಸನೆ ಇರುತ್ತದೆ. ಚೆನ್ನಾಗಿ ತೊಳೆದು, ಒರೆಸಿಕೊಂಡು, ಆ ದಿನದ ಭರಣಿಯಿಂದ ಒಂದು ಚಿಟಿಕೆ ತೆಗೆದು ಹೊಸೆಯುತ್ತಾಳೆ. ಪುಡಿಯಾಗಿ ಉದುರಿದರೆ ‘ನಮ್ಮದ ಐತಿ’ ಎಂದು ಹೇಳಿ ಕೈ ಝಾಡಿಸಿ, ಮತ್ತೊಮ್ಮೆ ಸಾಬೂನು ಹಚ್ಚಿ ತೊಳೆದುಕೊಂಡು ಊಟಕ್ಕೆ ಹೋಗುತ್ತಾಳೆ. ಅವಳು ಹೋದ ಮೇಲೆ ನಾನು ಸಹಿ ಹಾಕುತ್ತೇನೆ.